ನೀಲವ್ವನ ಕಾಲಿಗೆ ಗೊತ್ತು ಮಾಡಿದ ದಿನಗಳು

ಮಗುವಿನ ಆಪರೇಷನ್ನಿಗೆ ದಿನ ಗೊತ್ತಾಗಿ, ಆ ದಿನಕ್ಕೆಂದು ಊರು ಬಿಟ್ಟು ಬಂದು, ಬಾಗಿಲ ತನಕ ಹೋದ ಮೇಲೆ “ಇವತ್ತ ಆಗೂದಿಲ್ಲ, ಕರಕೊಂಡು ಹೋಗ್ರಿ” ಅನ್ನಿಸಿಕೊಂಡ ತಾಯಂದಿರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಹಾಗೆ ಮೂರು ಸಲ ಅಂದಿದ್ದಾರೆ. ಆ ಮಾತು ಕಿವಿಗೆ ಬಿದ್ದಾಗ ಮೊದಲು ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಡಾಕ್ಟರ ಮೇಲೆ, ಅತ್ತೆಯ ಮೇಲೆ, ಕೊನೆಗೆ ಕಣ್ಣು ಪಿಳಿಪಿಳಿ ಬಿಡುತ್ತ ನಿಂತ ಮಗುವಿನ ಮೇಲೂ. ಅದಕ್ಕೆ ನಾಚಿಕೊಳ್ಳಬೇಡಿ. ಎಲ್ಲರಿಗೂ ಬರುತ್ತದೆ.

ದೊಡ್ಡ ಯುದ್ಧ ನಡೆದಿದ್ದ ಕಾಲ ಅದು. ನಮ್ಮ ಸೀಮೆ ಆಗ ನಿಜಾಮರ ರಾಜ್ಯದಲ್ಲಿತ್ತು. ಕುಷ್ಟಗಿಯಲ್ಲಿ ನಮ್ಮ ಮನೆ. ಮನೆಯವರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆಂದರೆ ಊಟಕ್ಕೆ ಎಬ್ಬಿಸಬೇಕು, ಅಂಥ ಮನುಷ್ಯ. ಮಾತು ಕಡಿಮೆ. ಮಾತೆಲ್ಲ ನನ್ನ ಪಾಲಿಗೆ ಬಂದಿತ್ತು. ಅವರು ನೇಯ್ದ ಸೀರೆಗಳನ್ನು ಗಂಟು ಕಟ್ಟಿ ತಲೆಯ ಮೇಲೆ ಹೊತ್ತು ಬೇವೂರು, ಯಲಬುರ್ಗಾ, ಕುಕನೂರು ಎಂದು ಓಣಿ ಓಣಿ ತಿರುಗಿ ನಾನು ಮಾರುತ್ತಿದ್ದೆ. ಯಾರೂ ಕಲಿಸಿದ್ದಲ್ಲ, ಬಿದ್ದು ಎದ್ದು ಕಲಿತದ್ದು. ಗಿರಾಕಿ “ಬ್ಯಾಡವಾ” ಅಂದರೆ ನನ್ನ ಲೆಕ್ಕದಲ್ಲಿ ಅದು ಮಾತಿನ ಕೊನೆ ಅಲ್ಲ, ಮೊದಲು. ಸೀರೆ ಬೇಡ ಅಂದವಳ ಕೈಯಲ್ಲೇ ಸೆರಗು ಹಿಡಿಸಿ, ಅವಳ ತಂಗಿಯನ್ನೂ ಕರೆಸಿ, ಎರಡು ಮಾರಿ ಎದ್ದು ಬಂದವಳು ನಾನು. ಈ ಗುಣ ನನ್ನನ್ನು ಸಾಕಿತು. ಇದೇ ಗುಣ ಒಂದು ದಿನ ನನ್ನ ಮಗಳನ್ನು ಕಳೆದುಕೊಳ್ಳುವ ಹತ್ತಿರಕ್ಕೂ ಒಯ್ದಿತು.

ಮಗಳು ನೀಲವ್ವ. ಆಗ ಅವಳಿಗೆ ಏಳು ವರ್ಷ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಎಡಗಾಲಿನಲ್ಲಿ, ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ, ಬಾವು ಬಂತು. ಮುಟ್ಟಿದರೆ ಚೀರುತ್ತಿದ್ದಳು, ಮೈ ಸುಡುತ್ತಿತ್ತು. ನಮ್ಮ ಸೀಮೆಯವರಿಗೆ ಕಾಲು ಬಾತರೆ ಹೊಳೆಯುತ್ತಿದ್ದದ್ದು ಒಂದೇ, ನಾರುಹುಣ್ಣು. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳ ನೀರು ಕುಡಿಯುತ್ತಿದ್ದ ಕಾಲ. ನೀರಿನೊಳಗಿನ ಹುಳು ಮೈಸೇರಿ, ವರ್ಷದ ಮೇಲೆ ಕಾಲಿನಲ್ಲಿ ಬಿಳಿ ದಾರದ ಹಾಗೆ ಹೊರಗೆ ಬರುತ್ತಿತ್ತು. ಅದರ ತುದಿ ಹಿಡಿದು, ಕಡ್ಡಿಗೆ ಸುತ್ತಿ, ದಿನಕ್ಕಿಷ್ಟು ಹರಿಯದಂತೆ ಎಳೆಯುವುದು ಒಂದು ಕೈಗುಣ. ಇಡೀ ಓಣಿಯಲ್ಲಿ ಆ ಕೈಗುಣಕ್ಕೆ ಹೆಸರಾದವರು ನಮ್ಮ ಅತ್ತೆ ಫಕೀರವ್ವ.

“ನಾರು ಐತಿ, ಅಂಜಬ್ಯಾಡ. ತಣ್ಣೀರು ಸುರುವಿದ್ರ ತಾನs ಮಾರಿ ತೋರಸ್ತೈತಿ” ಎಂದು ಅತ್ತೆ ದಿನಾ ಎರಡು ಹೊತ್ತು ಮೊಮ್ಮಗಳ ಕಾಲಿಗೆ ನೀರು ಸುರಿದರು. ಎರಡು ತಿಂಗಳು ಸುರಿದರು. ಬಾವು ಒಡೆದು ಕೀವು ಬಂತು. ಒಂದು ಮುಂಜಾನೆ ಗಾಯದ ಬಾಯಲ್ಲಿ ಬೆಳ್ಳಗೆ ಏನೋ ಕಂಡಿತು. ಅತ್ತೆ ಹಿಗ್ಗಿ ಕಡ್ಡಿ ತರಿಸಿ, ಉಗುರಿನಿಂದ ಮೆಲ್ಲಗೆ ಎಳೆದರು. ದಾರ ಬರಲಿಲ್ಲ. ಜೋಳದ ಕಾಳಿನಷ್ಟು ಗಟ್ಟಿ ಚೂರು ಕೈಗೆ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಅತ್ತೆ ನೆಲದ ಮೇಲೆ ಕೂತುಬಿಟ್ಟರು.

“ಗೌರವ್ವಾ, ಇದು ನಾರಲ್ಲವಾ. ಎಲುಬು.”

ಆಗ ಕೊಪ್ಪಳದ ಸ್ಟೇಷನ್ ಹತ್ತಿರ ಒಂದು ಸಣ್ಣ ಖಾಸಗಿ ದವಾಖಾನೆ ಇತ್ತು. ನಾಲ್ಕು ಕೋಣೆ, ಮುಂದೆ ಉದ್ದನೆಯ ಪಡಸಾಲೆ, ಅಂಗಳದಲ್ಲಿ ಬೇವಿನ ಮರ, ಕಣ್ಣೆತ್ತಿದರೆ ಕೋಟೆಯ ಗುಡ್ಡ. ಅದನ್ನು ನೋಡಿಕೊಳ್ಳುತ್ತಿದ್ದವರು ಕಂಪೌಂಡರ್ ಖಾದರಸಾಬರು. ಇಂಗ್ಲಿಷ್ ತಿಂಗಳ ಮೊದಲ ಸೋಮವಾರ ಬಳ್ಳಾರಿಯ ಕಡೆಯಿಂದ ಒಬ್ಬ ದೊಡ್ಡ ಡಾಕ್ಟರು ಹಿಂದಿನ ಸಂಜೆಯ ರೈಲಿಗೆ ಬಂದು, ಮುಂಜಾನೆ ಕೊಯ್ಯುವುದು ಹೊಲಿಯುವುದು ಎಲ್ಲ ಮುಗಿಸಿ, ಮಧ್ಯಾಹ್ನದ ರೈಲಿಗೆ ಹೊರಟುಬಿಡುತ್ತಿದ್ದರು. ಅದೊಂದು ದಿನ ತಪ್ಪಿದರೆ ಮತ್ತೆ ಒಂದು ತಿಂಗಳು.

ನೀಲವ್ವನನ್ನು ಅಲ್ಲಿಗೆ ಒಯ್ದೆ. ಡಾಕ್ಟರು ಕಾಲು ನೋಡಿದರು. ಒಳಗೆ ಎಲುಬು ಸತ್ತಿದೆ, ಅದನ್ನು ಕೆತ್ತಿ ತೆಗೆಯಬೇಕು ಅಂದರು. ಆಮೇಲೆ ಜೇಬಿನಿಂದ ಒಂದು ಪೆನ್ಸಿಲ್ ತೆಗೆದು, ನಾಲಿಗೆಗೆ ತಾಗಿಸಿಕೊಂಡು, ಬಾವು ಮುಗಿಯುವಲ್ಲಿ ನೇರಳೆ ಬಣ್ಣದ ಒಂದು ಗೆರೆ ಎಳೆದರು. ಆ ಗೆರೆಯಿಂದ ಮೊಣಕಾಲಿನ ತನಕ ತಮ್ಮ ಬೆರಳಿಟ್ಟು ಅಳೆದರು.

“ನಾಲ್ಕು ಬೆರಳು. ನೋಡ್ರಿ ತಾಯಿ, ಈ ಕೀವು ಮೊಣಕಾಲಿಗೆ ಏರಬಾರದು. ಏರಿದ್ರ ಎಲುಬು ಕೆತ್ತೂದಲ್ಲ, ಕಾಲs ತಗೀಬೇಕಾಗ್ತೈತಿ.”

ಬಟ್ಟೆ ಅಳೆದು ಬದುಕುವವಳಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಅಂದಿನಿಂದ ದಿನಾ ಮುಂಜಾನೆ ಎದ್ದು ನಾನು ಮಾಡುತ್ತಿದ್ದ ಮೊದಲ ಕೆಲಸ ಮಗಳ ಕಾಲ ಮೇಲೆ ಬೆರಳಿಟ್ಟು ಅಳೆಯುವುದು.

ಮುಂದಿನ ತಿಂಗಳಿಗೆ ದಿನ ಗೊತ್ತಾಯಿತು. ಖಾದರಸಾಬರು ಎರಡೆರಡು ಸಲ ಹೇಳಿ ಕಳಿಸಿದರು: “ಅಕ್ಕಾ, ಹಿಂದಿನ ರಾತ್ರಿ ಉಂಡ ಮ್ಯಾಲ ಕೂಸಿನ ಬಾಯಿಗೆ ಒಂದು ಅಗಳು ಹೋಗಬಾರದು. ನಿದ್ದಿ ಔಷಧ ಕೊಟ್ಟಾಗ ವಾಂತಿ ಬಂದ್ರ ಉಸುರಿನ ಚೀಲಕ್ಕ ಇಳೀತೈತಿ. ಖೇಲ್ ಖತಂ.”

ಚಕ್ಕಡಿಯಲ್ಲಿ ಎರಡು ದಿನದ ಹಾದಿ. ಹೊರಡುವಾಗ ಅತ್ತೆ ನೀಲವ್ವನಿಗೆ ಎರೆದು, ಹೊಸ ಪರಕಾರ ಉಡಿಸಿ, ಮಣೆಯ ಮೇಲೆ ಕೂಡಿಸಿ ಉಡಿ ತುಂಬಿದರು. ಹೆಣ್ಣುಮಗಳು ಹೊಸ್ತಿಲು ದಾಟಿ ದೂರ ಹೋಗುವಾಗ ಬರೀ ಉಡಿಯಲ್ಲಿ ಕಳಿಸುವ ರೂಢಿ ನಮ್ಮಲ್ಲಿ ಇಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲದಚ್ಚು. ನಾನೂ ನೋಡುತ್ತ ನಿಂತಿದ್ದೆ. ಅದು ತಿನ್ನುವ ಸಾಮಾನು ಎಂದು ನನ್ನ ತಲೆಗೆ ಬರಲೇ ಇಲ್ಲ. ಉಡಿ ಎಂದರೆ ಉಡಿ, ದೇವರದು. ಮನೆಯವರು ಮಗ್ಗ ಬಿಟ್ಟು ಎದ್ದು ಬಂದು ಮಗಳನ್ನು ಎತ್ತಿ ಚಕ್ಕಡಿಯಲ್ಲಿ ಕೂಡಿಸಿ, ಒಳಗೆ ಹೋದರು.

ಸೋಮವಾರ ಮುಂಜಾನೆ ಖಾದರಸಾಬರು ನೀಲವ್ವನನ್ನು ಎತ್ತಿಕೊಂಡು ಹೋಗಿ ಬಿಳಿ ಬಟ್ಟೆ ಹಾಸಿದ ಟೇಬಲ್ಲಿನ ಮೇಲೆ ಮಲಗಿಸಿದರು. ನಾನು ಬಾಗಿಲಲ್ಲಿದ್ದೆ. ಡಾಕ್ಟರು ಕೈ ತೊಳೆದು ತಿರುಗಿದವರು ಹಾಗೇ ನಿಂತರು. ಬಿಳಿ ಬಟ್ಟೆಯ ಮೇಲೆ ಇರುವೆಗಳ ಸಾಲು. ಸಾಲು ನನ್ನ ಮಗಳ ಪರಕಾರದ ನೆರಿಗೆಯೊಳಗಿಂದ ಹೊರಟಿತ್ತು.

“ಏನವಾ ಇದು?”

“ಬೆಲ್ಲರಿ” ಅಂದಳು ನೀಲವ್ವ. “ಆಯಿ ಉಡ್ಯಾಗ ಹಾಕ್ಯಾಳ್ರಿ.”

“ತಿಂದೇನು?”

“ಭಾಳ ಇಲ್ರಿ. ಎರಡು ಉತ್ತತ್ತಿ. ಆಮ್ಯಾಲ ಕೊಬ್ಬರಿ. ಆಮ್ಯಾಲ...” ಅವಳು ಪ್ರಾಮಾಣಿಕವಾಗಿ ನೆನಪು ಮಾಡಿಕೊಳ್ಳತೊಡಗಿದಳು. ಡಾಕ್ಟರು ಕೈ ಒರೆಸಿಕೊಂಡರು. ಆ ದಿನ ಮುಗಿಯಿತು.

ಊರಿಗೆ ಬಂದು ನಾನು ಅತ್ತೆಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಓಣಿಯವರು ಬಾಗಿಲಿಗೆ ಬಂದು ನಿಂತಿದ್ದರು. ಅತ್ತೆ ಎಲ್ಲ ಕೇಳಿ ಒಂದೇ ಮಾತು ಅಂದರು: “ಹಸದ ಹೊಟ್ಟೀಲೆ ಹೆಂಗ ಕಳಿಸಲಿ? ಏನರ ಆಗಿದ್ರ, ಕೂಸು ಹಸಕೊಂಡು ಹೋತು ಅಂತ ನಾ ಹೆಂಗ ಇರಲಿ?” ನನಗೆ ಆಗ ಅದು ಮುದುಕಿಯ ಹಟ ಎನಿಸಿತು. ಮೂರೂವರೆ ಬೆರಳು ಉಳಿದಿತ್ತು.

ಎರಡನೆಯ ಸಲ ಚಕ್ಕಡಿ ಬೇಡವೆಂದು ಮೋಟಾರಿಗೆ ಹೊರಟೆವು. ಯುದ್ಧದ ಕಾಲಕ್ಕೆ ಪೆಟ್ರೋಲು ಇಲ್ಲ. ಬಸ್ಸಿನ ಹಿಂದೆ ಹಂಡೆಯಂಥದೊಂದು ಒಲೆ, ಅದರಲ್ಲಿ ಇದ್ದಲಿ ಉರಿಸಿ, ಆ ಹೊಗೆಯಿಂದ ಗಾಡಿ ಓಡಿಸುತ್ತಿದ್ದರು. ಏರು ಬಂದಾಗ ಎಲ್ಲರೂ ಇಳಿದು ನೂಕಬೇಕು. ಈಗ ನೆನೆದರೆ ನಗು ಬರುತ್ತದೆ, ಅಷ್ಟೇ ಪ್ರೀತಿಯೂ ಬರುತ್ತದೆ. ಯಾರದೋ ಬುತ್ತಿಯ ಚಟ್ನಿ, ಯಾರದೋ ಕೋಳಿ, ಡ್ರೈವರನಿಗೆ ಎಲ್ಲರೂ “ಅಣ್ಣಾರ, ಜಲ್ದಿ ಮಾಡ್ರಿ” ಎಂದು ಕಾಡುವುದು. ಯಲಬುರ್ಗಾ ದಾಟಿದ ಮೇಲೆ ಗಾಡಿ ನಿಂತೇ ಹೋಯಿತು. ಪುಷ್ಯ ಮಾಸದ ಗಾಳಿಯಲ್ಲಿ ಬಯಲಲ್ಲಿ ಕೂತೆವು. ಕೊಪ್ಪಳ ಮುಟ್ಟುವಷ್ಟರಲ್ಲಿ ನೀಲವ್ವನಿಗೆ ಮೂಗು ಸೋರಿ, ಕೆಮ್ಮು ಶುರುವಾಗಿ, ಮೈ ಬೆಚ್ಚಗಾಗಿತ್ತು.

ನಾನು ಸುಮ್ಮನಿರುವವಳೇ? “ಒಳಗ ಹೋದ ಮ್ಯಾಲ ಕೆಮ್ಮಬ್ಯಾಡ, ಬಿಗಿ ಹಿಡಿ” ಎಂದು ಮಗಳಿಗೆ ಪಾಠ ಮಾಡಿದೆ. ಪಾಪ, ಹಿಡಿದಳು. ಡಾಕ್ಟರು ಎದೆಗೆ ಕೊಳವೆ ಇಟ್ಟಾಗ ಅವಳ ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿ, ಕೊನೆಗೆ ಕಟ್ಟೆ ಒಡೆದ ಹಾಗೆ ಕೆಮ್ಮು ಬಂತು.

“ಇವತ್ತ ಆಗೂದಿಲ್ಲ ತಾಯಿ.”

“ನೆಗಡಿ ಮೂಗಿನಾಗ ಐತ್ರಿ. ನೀವು ಕೊಯ್ಯೂದು ಕಾಲು.”

ಡಾಕ್ಟರು ನಕ್ಕರು. “ನಿದ್ದಿ ಔಷಧ ಹೋಗೂದು ಮೂಗಿನಿಂದನ.”

“ಹಂಗಾದ್ರ ಅರ್ಧ ಹಾಕ್ರಿ.”

“ಅರ್ಧ ನಿದ್ದಿ ಹತ್ತಿದ ಕೂಸಿನ ಎಲುಬು ಕೆತ್ತಲೇನು?”

ಮಗಳನ್ನು ಎತ್ತಿಕೊಂಡು ಎದ್ದೆ. ಸೀರೆ ವ್ಯಾಪಾರದಲ್ಲಿ ಎಂದೂ ಹಾಗೆ ಸೋತು ಎದ್ದಿರಲಿಲ್ಲ. ಆದರೂ ಹೊರಗೆ ಬಂದು ಖಾದರಸಾಬರನ್ನು ಹಿಡಿದು ಮತ್ತೆ ಅರ್ಧ ತಾಸು ಕಾಡಿದೆ. ಅವರು ಸಿಟ್ಟಾಗಲಿಲ್ಲ. ನೀಲವ್ವನ ಗಾಯ ತೊಳೆದು, ಹೊಸ ಪಟ್ಟಿ ಕಟ್ಟಿ, “ಬೇಟಿ, ನಿಮ್ಮವ್ವ ವಕೀಲ ಆಗಬೇಕಿತ್ತು” ಅಂದರು. ಇಂಥವರ ಋಣವನ್ನು ಹೇಗೆ ತೀರಿಸುವುದು? ಆ ಪಡಸಾಲೆಯಲ್ಲಿ ಹಾಡು ಗುನುಗುತ್ತ ಪಟ್ಟಿ ಸುತ್ತುತ್ತಿದ್ದ ಅವರ ಕೈಗಳು ಈಗಲೂ ನನ್ನ ಕಣ್ಣ ಮುಂದಿವೆ.

ಇಲ್ಲಿ ಒಂದು ಮಾತು. ಮಗುವಿಗೆ ದಿನ ಗೊತ್ತಾದ ಮೇಲೆ ಎರಡು ವಾರ ಅದನ್ನು ಮದುವೆ ಮುಂಜಿ ಎಂದು ಗದ್ದಲಕ್ಕೆ ಒಯ್ಯಬೇಡಿ. ಆಸ್ಪತ್ರೆಯ ಊರಿಗೆ ಒಂದು ದಿನ ಮೊದಲೇ ಹೋಗಿ ಬೆಚ್ಚಗೆ ಮಲಗಿಸಿ. ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ಮೂರನೆಯ ಸಲ ನಾನು ಎಲ್ಲ ಸರಿ ಮಾಡಿಕೊಂಡು ಹೋದೆ. ಉಡಿ ಇಲ್ಲ, ಕೆಮ್ಮಿಲ್ಲ. ನಮ್ಮದೇ ಮೊದಲ ಪಾಳಿ. ಅಷ್ಟರಲ್ಲಿ ಗಂಗಾವತಿ ಕಡೆಯ ಒಂದು ಗಾಡಿ ಅಂಗಳಕ್ಕೆ ನುಗ್ಗಿತು. ಗಾಡಿಯಲ್ಲಿ ಭತ್ತದ ಹುಲ್ಲಿನ ಮೇಲೆ ಒಬ್ಬ ಗರ್ಭಿಣಿ, ಎರಡು ದಿನದಿಂದ ಬೇನೆ ತಿನ್ನುತ್ತಿದ್ದವಳು, ಕಣ್ಣು ಮೇಲೆ ಹೋಗಿದ್ದವು. ಡಾಕ್ಟರು ನಮ್ಮನ್ನು ದಾಟಿಕೊಂಡು ಓಡಿದರು.

ನಾನು ಬಾಗಿಲಿಗೆ ಅಡ್ಡ ನಿಂತೆ. ಈಗ ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಂತೆ. “ನಮ್ಮ ಪಾಳಿ ಐತ್ರಿ! ಮೂರು ತಿಂಗಳಾತು!” ಆ ಹೆಂಗಸಿನ ಗಂಡ ನನ್ನ ಮುಖ ನೋಡಿದ. ವಾದ ಮಾಡಲಿಲ್ಲ. “ಯಕ್ಕಾ, ಸರೀರಿ” ಅಂದ, ಅಷ್ಟೇ. ನಾನು ಸರಿದೆ.

ಅಮ್ಮನೂ ಉಳಿದಳು, ಕೂಸೂ ಉಳಿಯಿತು. ಆದರೆ ಇದ್ದ ಒಂದೇ ಸೀಸೆ ಕ್ಲೋರೋಫಾರ್ಮ್ ಅವಳಿಗೇ ಮುಗಿಯಿತು. ಯುದ್ಧಕ್ಕೆ ಎಲ್ಲ ಹೋಗುತ್ತಿದ್ದ ಕಾಲ, ಇನ್ನೊಂದು ಸೀಸೆ ರೈಲಿನಲ್ಲಿ ಯಾವಾಗ ಬರುತ್ತದೋ ಗೊತ್ತಿಲ್ಲ. ಖಾದರಸಾಬರು ನನ್ನ ಮುಂದೆ ಖಾಲಿ ಸೀಸೆ ಹಿಡಿದು ಕೈ ಅಲ್ಲಾಡಿಸಿದರು. ಹುಟ್ಟಿದ ಕೂಸಿಗೆ ಸುತ್ತಲು ಆ ಗಂಗಾವತಿಯವರ ಹತ್ತಿರ ಮೆತ್ತನೆಯ ಬಟ್ಟೆ ಇರಲಿಲ್ಲ. ನನ್ನ ಗಂಟಿನಲ್ಲಿ ಒಂದು ತೊಳೆದ ಹಳೆ ಸೀರೆ ಇತ್ತು. ಹರಿದು ಕೊಟ್ಟೆ. ನೀಲವ್ವ ಕುಂಟುತ್ತ ಬಂದು ಆ ಕೂಸಿನ ಪಾದ ಮುಟ್ಟಿ ನೋಡಿ, “ಅವ್ವಾ, ಎಷ್ಟು ಸಣ್ಣ ಕಾಲು!” ಅಂದಳು. ಆ ದಿನ ಅವಳ ಕಾಲಲ್ಲಿ ಉಳಿದದ್ದು ಎರಡು ಬೆರಳು.

ನಾಲ್ಕನೆಯ ಸಲ ಹೊರಟಾಗ ಹೋಳಿ ಹತ್ತಿರ ಬಂದಿತ್ತು. ಅತ್ತೆ ತಾವೇ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ನಾನೂ ಬರ್ತೀನಿ.”

“ಮತ್ತ ಏನು ತಿನಸಾಕ?” ಅಂದೆ.

“ನಿನ್ನ ನಾಲಿಗಿ ತಿನಸಾಕ ಬರ್ತೀನಿ, ನಡಿ” ಎಂದು ಮೋಟಾರು ಹತ್ತಿದರು.

ಸ್ಟೇಷನ್ನಿನ ಹತ್ತಿರದ ಧರ್ಮಶಾಲೆಯಲ್ಲಿ ಇಳಿದೆವು. ಆ ಸಂಜೆ ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಒಬ್ಬ ಹೆಂಗಸು ನಮ್ಮ ಕಥೆ ಕೇಳಿ, ತಮ್ಮ ಊರಿನ ಕಡೆ ಒಂದು ಹುಡುಗಿಗೆ ನಿದ್ದೆ ಔಷಧ ಕೊಟ್ಟರು, ಅದು ಏಳಲೇ ಇಲ್ಲ ಎಂದು ಹೇಳಿದಳು. ಹೇಳಿ ರೊಟ್ಟಿ ತಿರುವಿ ಹಾಕಿದಳು. ಅವಳಿಗೆ ಅದೊಂದು ಸುದ್ದಿ. ನಾನು ರಾತ್ರಿಯೆಲ್ಲ ಮಗಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ.

ಬೆಳಗಾಯಿತು. ಅತ್ತೆ ನೀರು ತರಲು ಹೋಗಿದ್ದರು. ನೀಲವ್ವ ಎದ್ದು ಕೂತು, ತೊಟ್ಟಿಲಲ್ಲಿದ್ದಾಗ ನೋಡುತ್ತಿದ್ದಂತೆ ನನ್ನನ್ನು ನೋಡಿದಳು. ಊಟ ಕೇಳಲಿಲ್ಲ. ಕೇಳಬಾರದೆಂದು ಅವಳಿಗೆ ಗೊತ್ತಿತ್ತು. ಬಾಯಿ ಮಾತ್ರ ಚಪ್ಪರಿಸಿದಳು. ಬಾಗಿಲಲ್ಲಿ ಆಡಿನ ಹಾಲು ಮಾರುವವಳು ಕೂಗಿದಳು. ನನ್ನ ಮಗಳು ಇವತ್ತು ಏಳದೆ ಹೋದರೆ, ಹಸಿದ ಹೊಟ್ಟೆಯಲ್ಲಿ ಹೋದಳು ಅಂತಾಗುತ್ತದಲ್ಲ ಎಂಬ ಒಂದೇ ಯೋಚನೆ ತಲೆಯಲ್ಲಿ ಗಿರ್ ಎಂದು ತಿರುಗಿತು. ಎಲ್ಲ ತಿಳಿದವಳು, ಅತ್ತೆಗೆ ಓಣಿ ಕೂಡಿಸಿ ಬೈದವಳು, ಅರ್ಧ ಲೋಟ ಹಾಲು ಕೊಂಡು ಮಗಳ ಬಾಯಿಗೆ ಹಿಡಿದೆ. ಗಟಗಟ ಕುಡಿದಳು. ಹೊರಗೆ ಸರಕಿನ ರೈಲು ಕೂಗಿಕೊಂಡು ಹೋಯಿತು.

ಲೋಟ ತೊಳೆದು ಬೋರಲು ಹಾಕಿದೆ. ದವಾಖಾನೆಗೆ ನಡೆಯುವಷ್ಟರಲ್ಲಿ ನನ್ನ ವ್ಯಾಪಾರದ ಬುದ್ಧಿ ಎಚ್ಚರಾಗಿತ್ತು. ಅರ್ಧ ಲೋಟ, ಅದರಲ್ಲೂ ಅರ್ಧ ನೀರು, ಅದಕ್ಕೇನಾಗುತ್ತದೆ? ಡಾಕ್ಟರು ಕೇಳಿದರೆ ಇಲ್ಲ ಅಂದರಾಯಿತು. ಇವರು ಹೇಳುವುದರಲ್ಲಿ ಒಂದಿಷ್ಟು ಹೆಚ್ಚೇ ಹೇಳಿರುತ್ತಾರೆ, ನಾನು ಸೀರೆಗೆ ಹೇಳುವ ಹಾಗೆ.

ಡಾಕ್ಟರು ಬೆರಳಿಟ್ಟು ಅಳೆದರು. ಒಂದೇ ಬೆರಳು. ಅವರ ಮುಖ ಗಂಭೀರವಾಯಿತು.

“ಇವತ್ತ ಮಾಡಲೇಬೇಕು. ಇನ್ನೊಂದು ತಿಂಗಳು ಈ ಕಾಲು ಕಾಯೂದಿಲ್ಲ. ಮುಂಜಾನಿಂದ ಏನರ ಕೊಟ್ಟೀರೇನು?”

“ಏನೂ ಇಲ್ರಿ.” ಗಿರಾಕಿಯ ಮುಂದೆ ಬಣ್ಣ ಹೋಗುವುದಿಲ್ಲ ಎಂದು ಆಣೆ ಮಾಡುವ ಮುಖವನ್ನೇ ಮಾಡಿದೆ.

“ಒಂದು ಗುಟುಕು ನೀರು?”

“ಇಲ್ರಿ.”

ಖಾದರಸಾಬರು ಮಗುವನ್ನು ಎತ್ತಿಕೊಳ್ಳಲು ಬಗ್ಗಿದರು. ಹಿಂದಿನಿಂದ ಅತ್ತೆಯ ದನಿ ಬಂತು.

“ಸುಳ್ಳು ಹೇಳ್ತಾಳ್ರಿ ಸಾಹೇಬ್ರ. ಹಾಲು ಕುಡಿಸ್ಯಾಳ. ನಾ ಕಣ್ಣಾರೆ ನೋಡೀನಿ.”

ಪಡಸಾಲೆಯಲ್ಲಿದ್ದ ಜನವೆಲ್ಲ ನನ್ನ ಕಡೆ ತಿರುಗಿತು. ನೀರು ತಂದು ಧರ್ಮಶಾಲೆಯ ಹೊಸ್ತಿಲಲ್ಲಿ ನಿಂತು ಮುದುಕಿ ಎಲ್ಲ ನೋಡಿದ್ದರು. ನೆಲ ಬಿರಿದು ನುಂಗಬಾರದೇ ಎನಿಸಿತು. ಅದಕ್ಕಿಂತ ಹೆಚ್ಚು, ಅವರನ್ನು ನುಂಗಿಬಿಡುವಷ್ಟು ಸಿಟ್ಟು ಬಂತು. ಒಂದು ಬೆರಳು ಉಳಿದಿದೆ, ಈಕೆಗೆ ಖರೆ ಮಾತು ಬೇಕಾಗಿತ್ತೇ?

ಡಾಕ್ಟರು ನನ್ನನ್ನು ನೋಡಲಿಲ್ಲ. ಅತ್ತೆಯನ್ನು ಕೇಳಿದರು. “ಎಷ್ಟು? ಯಾವಾಗ?”

“ಅರ್ಧ ಲೋಟರಿ. ಸರಕಿನ ಗಾಡಿ ಕೂಗಿಕೋತ ಹೋತಲ್ರಿ, ಆವಾಗ.”

“ಆರೂವರಿ ಸಾಬ್” ಅಂದರು ಖಾದರಸಾಬರು.

ಡಾಕ್ಟರು ಗಡಿಯಾರ ನೋಡಿ, ತಲೆ ಅಲ್ಲಾಡಿಸಿದರು. ಅವರ ಬಾಯಿಂದ ಮುಂದಿನ ತಿಂಗಳ ಮಾತು ಬರುವ ಮೊದಲೇ ನಾನು ಅವರ ಮುಂದೆ ಹೋಗಿ ನಿಂತೆ. ಜೀವನದಲ್ಲಿ ಮೊದಲ ಸಲ, ಇನ್ನೊಬ್ಬರ ಮಾತು ಪೂರ್ತಿ ಖರೆ ಎಂದು ಒಪ್ಪಿಕೊಂಡು ಚೌಕಾಸಿಗೆ ಇಳಿದೆ.

“ಕುಡಿಸೀನ್ರಿ. ತಪ್ಪಾತು. ಆ ಹಾಲು ಹೊಟ್ಟಿ ಬಿಟ್ಟು ಹೋಗಾಕ ಎಷ್ಟು ಹೊತ್ತು ಬೇಕ್ರಿ?”

“ಎಂಟು ತಾಸು ಬಿಟ್ರ ನನಗ ಧೈರ್ಯ.”

“ಎಂಟು ತಾಸಂದ್ರ ಎರಡೂವರಿ. ಆವಾಗ ಬೆಳಕು ಇರ್ತೈತಲ್ರಿ?”

“ಬೆಳಕು ಇರ್ತೈತಿ. ನಾ ಇರೂದಿಲ್ಲ. ನನ್ನ ಗಾಡಿ ಎರಡಕ್ಕ.”

“ನಾಳಿ ಮುಂಜಾನಿ ಗಾಡಿ ಐತ್ರಿ.”

“ನಾಳಿ ಅಲ್ಲಿ ಇನ್ನೊಂದು ಕೂಸು ಕಾಯಾಕತ್ತಿರ್ತೈತಿ ತಾಯಿ.”

“ಆ ಕೂಸಿನ ಕಾಲು ಎಷ್ಟು ಬೆರಳು ಉಳದೈತ್ರಿ?”

ಡಾಕ್ಟರು ನೀಲವ್ವನ ಕಾಲಿನ ಮೇಲೆ ಮತ್ತೊಮ್ಮೆ ಬೆರಳಿಟ್ಟು ನೋಡಿದರು. ಆಮೇಲೆ ಕೋಟು ತೆಗೆದು ಮೊಳೆಗೆ ಹಾಕಿದರು. “ಖಾದರ್, ಬಳ್ಳಾರಿಗೆ ತಾರು ಕೊಡು, ನಾಳಿ ಹನ್ನೆರಡಕ್ಕ ಬರ್ತೀನಂತ. ಟೇಬಲ್ ಪಶ್ಚಿಮದ ಕಿಡಕಿ ಕಡೆ ತಿರುಗಿಸು.” ನನ್ನ ಕಡೆ ಬೆರಳು ತೋರಿಸಿದರು. “ಅಲ್ಲಿ ತನಕ ಕೂಸಿನ ಹತ್ರ ಈಕಿ ಬ್ಯಾಡ. ಮುದುಕಿ ಕೂಡ್ಲಿ.”

ಮಧ್ಯಾಹ್ನದ ತನಕ ನಾನು ಬೇವಿನ ಮರದ ಕೆಳಗೆ, ಅವರಿಬ್ಬರು ಪಡಸಾಲೆಯ ಆ ತುದಿಗೆ. ಅತ್ತೆ ಒದ್ದೆ ಬಟ್ಟೆಯಿಂದ ಮೊಮ್ಮಗಳ ತುಟಿ ಒರೆಸುತ್ತಿದ್ದರು. ತಾವೂ ಹನಿ ನೀರು ಮುಟ್ಟಲಿಲ್ಲ. ನೀಲವ್ವನ ದನಿ ನನಗೆ ಕೇಳುತ್ತಿತ್ತು.

“ಆಯಿ, ಯಾಕ ಹೇಳಿದಿ?”

“ನಿಮ್ಮವ್ವಗ ಬೈಸಾಕ.”

ನೀಲವ್ವ ನಕ್ಕಳು. ನನಗೂ ಅಳುವಿನ ನಡುವೆ ನಗು ಬಂತು.

ಮಧ್ಯಾಹ್ನ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತೆ. ಅತ್ತೆ ತಡೆಯಲಿಲ್ಲ. ನನ್ನ ಮುಖ ನೋಡದೆ ಅಂದರು: “ಎರಡು ತಿಂಗಳು ನೀರು ಸುರುವಿಕೋತ ಕುಂತೆ ನಾನು. ನಾರು ಬರ್ತೈತಿ, ನಾರು ಬರ್ತೈತಿ ಅಂತ. ಇನ್ನೊಂದು ತಪ್ಪು ನನ್ನ ಕಣ್ಣ ಮುಂದ ಬ್ಯಾಡ ಅನಿಸ್ತವಾ.” ಆಕೆಯ ಕೈ ಹಿಡಿದೆ. ಮಗ್ಗದ ಮನೆಯ ಕೈ, ನೂಲಿಗೆ ಗಂಜಿ ಹಚ್ಚಿ ಹಚ್ಚಿ ಬಿರುಸಾದದ್ದು.

ಎರಡೂವರೆಗೆ ಒಳಗೆ ಒಯ್ದರು. ಬಾಗಿಲು ಮುಚ್ಚಿತು. ಬಿಸಿಲು ಪಡಸಾಲೆಯ ಒಂದು ಕಲ್ಲಿನಿಂದ ಇನ್ನೊಂದಕ್ಕೆ ದಾಟುವುದನ್ನು ನೋಡುತ್ತ ಕೂತೆವು. ನಾಲ್ಕು ಕಲ್ಲು ದಾಟಿದ ಮೇಲೆ ಡಾಕ್ಟರು ಹೊರಗೆ ಬಂದರು. 

“ಮೊಣಕಾಲು ಉಳದೈತಿ” ಅಂದರು. ಬಿಳಿ ತಟ್ಟೆಯಲ್ಲಿ ಸುಣ್ಣದ ಚೂರಿನಂಥ ಎಲುಬಿನ ತುಣುಕುಗಳನ್ನು ತೋರಿಸಿದರು. ನಾನು ನೋಡಲಿಲ್ಲ. ಅತ್ತೆ ಒಂದೊಂದನ್ನೂ ನೋಡಿದರು.

ಎಚ್ಚರವಾಗುವಾಗ ನೀಲವ್ವ ಮೂರು ಸಲ ವಾಂತಿ ಮಾಡಿದಳು. ಬರೀ ಹಳದಿ ನೀರು. ಅವಳ ತಲೆಯನ್ನು ಪಕ್ಕಕ್ಕೆ ಹಿಡಿದಿದ್ದ ಖಾದರಸಾಬರು ನನ್ನ ಕಡೆ ನೋಡಿ, “ಅಕ್ಕಾ, ಮುಂಜಾನಿ ಹೊತ್ತಿನಾಗ ಆಗಿದ್ರ...” ಎಂದು ಅಲ್ಲಿಗೇ ಬಿಟ್ಟರು. ಅವರು ಬಿಟ್ಟದ್ದನ್ನು ನಾನು ಇಷ್ಟು ವರ್ಷ ಪೂರ್ತಿ ಮಾಡಿಕೊಳ್ಳುತ್ತಲೇ ಇದ್ದೇನೆ.

ಆದ್ದರಿಂದ ಹೇಳುತ್ತೇನೆ, ಕೇಳಿ. ಮಗುವಿನ ಬಾಯಿಗೆ ಏನಾದರೂ ಹೋಗಿದ್ದರೆ ಹೇಳಿಬಿಡಿ. ದಿನ ತಪ್ಪಿದರೂ ಹೇಳಿ. ಬಾಗಿಲಲ್ಲಿ ನಿಲ್ಲಿಸಿ ವಾಪಸು ಕಳಿಸುವವನು ನಿಮ್ಮ ವೈರಿಯಲ್ಲ. ಚೌಕಾಸಿ ಮಾಡಲೇಬೇಕೆಂದಿದ್ದರೆ ನಿಜ ಹೇಳಿದ ಮೇಲೆ ಮಾಡಿ: ಎಷ್ಟು ತಾಸು ಕಾಯಬೇಕು, ಇವತ್ತೇ ಇನ್ನೊಂದು ಹೊತ್ತಿಗೆ ಆಗುತ್ತದೆಯೇ, ಎಲ್ಲಿ ಕೂತಿರಬೇಕು. ಇನ್ನೊಂದು, ಹಿಂದಿನ ರಾತ್ರಿಯಿಂದ ಮಗುವಿನ ಕಾವಲಿಗೆ ಒಬ್ಬರನ್ನೇ ಇಡಿ. ಅವರು ತಾಯಿಯೇ ಆಗಬೇಕೆಂದಿಲ್ಲ. ತಾಯಿಯ ಕೈ ಎಲ್ಲರಿಗಿಂತ ಮೊದಲು ಸೋಲುತ್ತದೆ.

ಗಾಯ ತುಂಬಲು ನಲವತ್ತು ದಿನ ಹಿಡಿಯಿತು. ಅಷ್ಟೂ ದಿನ ನಾವು ಧರ್ಮಶಾಲೆಯಲ್ಲೇ ಇದ್ದೆವು. ಆ ನಲವತ್ತು ದಿನಗಳಷ್ಟು ಸವಿಯಾಗಿ ನಾನೂ ಅತ್ತೆಯೂ ಎಂದೂ ಕೂಡಿ ಇರಲಿಲ್ಲ. ಒಂದೇ ಒಲೆ, ಒಂದೇ ಕಂಬಳಿ. ಸಂಜೆಯಾದರೆ ಕೋಟೆ ಗುಡ್ಡ ಕೆಂಪಾಗುವುದನ್ನು ನೋಡುತ್ತ ಅತ್ತೆ ತಮ್ಮ ತವರಿನ ಮಾತು ತೆಗೆಯುತ್ತಿದ್ದರು. ಒಂದು ದಿನ ಖಾದರಸಾಬರು ಪಡಸಾಲೆಯ ಆ ತುದಿಗೆ ನಿಂತು ಕೈ ಚಾಚಿದರು. ನೀಲವ್ವ ಗೋಡೆ ಹಿಡಿದು ಎರಡು ಹೆಜ್ಜೆ, ಗೋಡೆ ಬಿಟ್ಟು ಐದು ಹೆಜ್ಜೆ ಇಟ್ಟಳು. ಕಾಲು ಕೊಂಚ ಎಳೆಯುತ್ತಿತ್ತು, ಈಗಲೂ ಎಳೆಯುತ್ತದೆ. ಅದೇ ಕಾಲಿನಲ್ಲಿ ನಡೆದು ಗಂಗಾವತಿ ಕಡೆಯ ಒಂದು ಮನೆಗೆ ಸೊಸೆಯಾಗಿ ಹೋದಳು, ಗದ್ದೆಯಲ್ಲಿ ನಾಟಿ ಮಾಡಿದಳು, ಮೂರು ಮಕ್ಕಳನ್ನು ಕಂಕುಳಲ್ಲಿ ಹೊತ್ತು ತಿರುಗಿದಳು.

ಊರಿಗೆ ಮರಳುವಾಗ ಇದ್ದಲಿ ಬಸ್ಸಿನಲ್ಲಿ ಬೇವೂರಿನ ನನ್ನ ಹಳೆಯ ಗಿರಾಕಿ ಒಬ್ಬಳು ಸಿಕ್ಕಳು. ನೀಲವ್ವನನ್ನು ಮಡಿಲಿಗೆ ಎಳೆದುಕೊಂಡು, ಕಾಲು ನೋಡಿ, “ಯವ್ವಾ, ನಾಲ್ಕು ಸಲ ತಿರಗಾಡಿದ್ರಂತ? ಯಾಕವಾ, ಅಂಥಾದ್ದು ಏನಾತು?” ಎಂದು ಕೇಳಿದಳು. ಬಸ್ಸಿನ ಜನವೆಲ್ಲ ಕಿವಿ ಇತ್ತ ಮಾಡಿತು. ನಾನು ಕಟ್ಟಿದ ಗಂಟನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದೆ.

“ಎಲ್ಲಾ ನಂದs ತಪ್ಪು” ಅಂದರು ಅತ್ತೆ. “ಮೊದಲ ಸಲ ಉಡ್ಯಾಗ ಬೆಲ್ಲ ಹಾಕಿದೆ. ಕಡೀ ಸಲ ಹಾಲು ಕುಡಿಸಿದೆ. ಮುದುಕಿ, ಬುದ್ಧಿ ಇಲ್ಲ.”

“ಅಯ್ಯ, ಹಾಲು ಕುಡಿಸಿದ್ರ್ಯಾ? ಸೊಸಿ ಬೈಲಿಲ್ಲೇನು?”

“ಬೈದ್ಲು. ಬಿಡ್ತಾಳೇನು ಆಕಿ?”

ಬಸ್ಸು ಗೊಳ್ಳೆಂದು ನಕ್ಕಿತು. ನೀಲವ್ವ ಬಾಯಿ ತೆರೆದಳು, ಅತ್ತೆ ಅವಳ ತೊಡೆ ಒತ್ತಿದರು, ಅವಳು ಸುಮ್ಮನಾದಳು. ನಾನೂ ಸುಮ್ಮನಾದೆ. ಆಮೇಲೆ ಅತ್ತೆ ಬದುಕಿದ್ದಷ್ಟು ವರ್ಷ ಯಾರು ಕೇಳಿದರೂ ಇದನ್ನೇ ಹೇಳಿದರು, ನಾನು ಎದುರಿಗೇ ಇದ್ದು ಕೇಳಿಸಿಕೊಂಡೆ, ಒಂದು ಸಲವೂ ತಿದ್ದಲಿಲ್ಲ. ಆ ಹಾಲು ಕುಡಿಸಿದವಳು ನಾನು.